ದಂಡನಾಯಕ ಬರೆದ ಪುರಾಣ: ಚಾವುಂಡರಾಯ

ಶ್ರವಣಬೆಳಗೊಳದ ದೊಡ್ಡ ಬೆಟ್ಟವನ್ನು ಹತ್ತುವಾಗ ಗೊಮ್ಮಟನ ಅಂಗಳವನ್ನು ಸೇರುವ ಮೊದಲೇ ತ್ಯಾಗದ ಬ್ರಹ್ಮದೇವರ ಕಂಬ ಸಿಗುತ್ತದೆ. ಬಳ್ಳಿಯ ಕೆತ್ತನೆ ಸುತ್ತಿಕೊಂಡು ಮೇಲೇರುವ ಸೊಗಸಾದ ಕಂಬ ಅದು. ಅದರ ಬುಡಕ್ಕೂ ನೆಲಕ್ಕೂ ನಡುವೆ ಕರವಸ್ತ್ರವನ್ನು ತೂರಿಸಬಹುದೆಂದು ಯಾತ್ರಿಕರು ಬೆರಗುಪಡುವುದುಂಟು. ಪೀಠದಲ್ಲಿರುವ ಆಕೃತಿಗಳಲ್ಲಿ ಒಂದನ್ನು ಚಾವುಂಡರಾಯನೆಂದೂ ಇನ್ನೊಂದನ್ನು ಅವನ ಗುರು ನೇಮಿಚಂದ್ರನೆಂದೂ ಪರಂಪರೆ ಗುರುತಿಸುತ್ತದೆ. ಈ ಕಂಬದ ನಾಲ್ಕು ಮುಖಗಳಲ್ಲಿ ಚಾವುಂಡರಾಯನ ಚರಿತ್ರೆಯನ್ನು ಸಂಸ್ಕೃತ ಶ್ಲೋಕಗಳಲ್ಲಿ ಕೆತ್ತಿಸಲಾಗಿತ್ತು. ಈಗ ಉಳಿದಿರುವುದು ಒಂದು ಮುಖ ಮಾತ್ರ. 1200ರ ಸುಮಾರಿಗೆ ಹೆಗ್ಗಡೆ ಕಣ್ಣನೆಂಬವನು ಕಂಬಕ್ಕೆ ಒಂದು ಯಕ್ಷನನ್ನು ಮಾಡಿಸಿದ. ಆ ಸಂಗತಿಯನ್ನು ಹೇಳುವ ಎರಡೂವರೆ ಸಾಲಿನ ಬರಹಕ್ಕಾಗಿ ಹಳೆಯ ಶಾಸನದ ಸುಮಾರು ಮೂರು ಮುಖಗಳನ್ನು ಅಳಿಸಿಹಾಕಿಸಿದ. ಕನ್ನಡ ನಾಡಿನ ಶಾಸನ ಸಂಪತ್ತಿಗೆ ಒದಗಿದ ನಷ್ಟಗಳಲ್ಲಿ ಇಷ್ಟು ಅಗ್ಗದ ಕಾರಣಕ್ಕೆ ಆದದ್ದು ಕಡಮೆ.

ಆದರೂ ಚಾವುಂಡರಾಯ ಯಾವ ಯಾವ ಕಣದಲ್ಲಿ ಕಾದಿದ, ಯಾರನ್ನು ಗೆದ್ದ, ಯಾವ ಗೆಲುವಿಗೆ ಯಾವ ಬಿರುದು ಬಂತು ಎಂಬುದು ಇಂದು ನಮಗೆ ತಿಳಿದಿದೆ. ಅದು ಉಳಿದದ್ದು ಓಲೆಗರಿಯಲ್ಲಿ, ಅವನೇ ಬರೆದ ಗದ್ಯದಲ್ಲಿ. ಕಲ್ಲಿಗಿಂತ ಓಲೆ ಹೆಚ್ಚು ಬಾಳಿಕೆ ಬಂದ ಅಪರೂಪದ ಪ್ರಸಂಗವಿದು.

ಸಾಹಿತ್ಯ ಚರಿತ್ರೆಯ ಪಠ್ಯಗಳಲ್ಲಿ ಚಾವುಂಡರಾಯನಿಗೆ ಸಿಗುವುದು ಸಾಮಾನ್ಯವಾಗಿ ಒಂದೆರಡು ಪುಟ. ಗೊಮ್ಮಟನನ್ನು ಮಾಡಿಸಿದವನು, ರನ್ನನಿಗೆ ಆಶ್ರಯ ಕೊಟ್ಟವನು, ಚಾವುಂಡರಾಯ ಪುರಾಣವನ್ನು ಬರೆದವನು ಎಂಬ ಕ್ರಮದಲ್ಲಿ ಹೇಳಿ ಮುಂದೆ ಸಾಗುತ್ತಾರೆ. ಅವನ ಬಾಳಿನ ಕ್ರಮ ಬೇರೆ. ಮೊದಲು ಯುದ್ಧ, ಅದರ ಬಳಿಕ ಪುಸ್ತಕ, ಪುಸ್ತಕದ ಬಳಿಕ ವಿಗ್ರಹ. ಈ ಅನುಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಆ ಪುಸ್ತಕವೇ ಬೇರೆಯಾಗಿ ಕಾಣುತ್ತದೆ.

ಅವನು ಬ್ರಹ್ಮಕ್ಷತ್ರ ಕುಲದವನು. ತಲಕಾಡಿನ ಗಂಗರಲ್ಲಿ ಎರಡನೆಯ ಮಾರಸಿಂಹನಿಗೂ (963–974) ಅವನ ಬಳಿಕ ನಾಲ್ಕನೆಯ ರಾಚಮಲ್ಲನಿಗೂ ಮಂತ್ರಿಯಾಗಿ, ಸೇನಾಪತಿಯಾಗಿ ದುಡಿದವನು. ಗಂಗರು ಆಗ ರಾಷ್ಟ್ರಕೂಟರ ಸಾಮಂತರು ಮಾತ್ರವಲ್ಲ, ಹತ್ತಿರದ ನಂಟರೂ ಹೌದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮೊಮ್ಮಗ ಇಂದ್ರನು ಮಾರಸಿಂಹನಿಗೆ ಸೋದರಳಿಯನಾಗಬೇಕು. 973ರಲ್ಲಿ ಚಾಲುಕ್ಯ ತೈಲಪನು ಮಾನ್ಯಖೇಟದ ಅರಸೊತ್ತಿಗೆಯನ್ನು ಉರುಳಿಸಿದಾಗ ಈ ಇಂದ್ರನಿಗೆ ಪಟ್ಟ ಕಟ್ಟಿ ರಾಷ್ಟ್ರಕೂಟರ ವಂಶವನ್ನು ಮತ್ತೆ ನಿಲ್ಲಿಸಲು ಹೆಣಗಿದವನು ಮಾರಸಿಂಹ. ಮುಳುಗುತ್ತಿರುವ ಒಂದು ಸಾಮ್ರಾಜ್ಯಕ್ಕೂ ಅಲುಗಾಡುತ್ತಿರುವ ಒಂದು ರಾಜ್ಯಕ್ಕೂ ಏಕಕಾಲಕ್ಕೆ ಹೆಗಲು ಕೊಡಬೇಕಾಗಿ ಬಂದದ್ದು ಅವನ ದಂಡನಾಯಕನಿಗೆ.

ಆ ಯುದ್ಧಗಳ ಪಟ್ಟಿಯನ್ನು ಚಾವುಂಡರಾಯ ತನ್ನ ಪುರಾಣದಲ್ಲಿ ಬಿರುದುಗಳ ಮೂಲಕ ಕೊಡುತ್ತಾನೆ. ಖೇಡಗದ ಕಾಳಗದಲ್ಲಿ ವಜ್ಜಳದೇವನನ್ನು ಸೋಲಿಸಿದ್ದಕ್ಕೆ ಸಮರಧುರಂಧರ. ಗೋನೂರಿನ ಬಯಲಲ್ಲಿ ನೊಳಂಬರೊಡನೆ ನಡೆದ ಕದನಕ್ಕೆ ವೀರಮಾರ್ತಂಡ. ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಡನೆ ಕಾದಿದ್ದಕ್ಕೆ ರಣರಂಗಸಿಂಗ. ಬಾಗೆಯೂರಿನ ಕೋಟೆಯಲ್ಲಿ ತ್ರಿಭುವನವೀರನನ್ನು ಕೊಂದು ಗೋವಿಂದರಸನಿಗೆ ಒಳಹೋಗಲು ದಾರಿ ಮಾಡಿಕೊಟ್ಟದ್ದಕ್ಕೆ ವೈರಿಕುಲಕಾಲದಂಡ. ಪಟ್ಟಿ ಇನ್ನೂ ಮುಂದುವರಿಯುತ್ತದೆ. ಅದರಲ್ಲಿ ಒಂದು ಬಿರುದಿನ ಬಳಿ ಮಾತ್ರ ಓದುಗ ನಿಲ್ಲಬೇಕು. ಅದು ಸಮರಪರಶುರಾಮ. ಚಲದಂಕಗಂಗ, ಗಂಗರಬಂಟ ಎಂಬ ಹೆಸರುಗಳೂ ಇದ್ದ ಮುದುರಾಚಯ್ಯನು ಚಾವುಂಡರಾಯನ ತಮ್ಮ ನಾಗವರ್ಮನನ್ನು ಕೊಂದಿದ್ದ. ಚಾವುಂಡರಾಯ ಅವನನ್ನು ಕೊಂದು ಸೇಡು ತೀರಿಸಿಕೊಂಡ. ಪರಶುರಾಮನ ಹೆಸರು ಬಂದದ್ದು ಹಾಗೆ. ಉಳಿದ ಬಿರುದುಗಳು ಅರಸನ ಕೆಲಸದಲ್ಲಿ ಬಂದವು, ಇದು ಮನೆಯ ಸಾವಿನಿಂದ ಬಂದದ್ದು. ತ್ಯಾಗದ ಕಂಬದಲ್ಲಿ ಉಳಿದಿರುವ ಮುಖವೂ ಚಲದಂಕಗಂಗನನ್ನು ನೆನೆಯುತ್ತದೆ. ಗಂಗರ ಸಿಂಹಾಸನಕ್ಕೆ ಆಸೆಪಟ್ಟ ಅವನ ಆಸೆ ಮುರಿದದ್ದನ್ನು ಹೇಳುತ್ತದೆ. ಎಂದರೆ ಆ ಸೇಡಿನೊಳಗೆ ರಾಜ್ಯದ ಉತ್ತರಾಧಿಕಾರದ ಜಗಳವೂ ಬೆರೆತಿತ್ತು.

ಯುದ್ಧದ ಬಿರುದುಗಳು ಮುಗಿದ ಮೇಲೆ ಬೇರೊಂದು ಬಗೆಯವು ಬರುತ್ತವೆ. ತಮಾಷೆಗೂ ಸುಳ್ಳಾಡದವನಾದ್ದರಿಂದ ಸತ್ಯಯುಧಿಷ್ಠಿರ. ಸಮ್ಯಕ್ತ್ವರತ್ನಾಕರ, ಗುಣರತ್ನಭೂಷಣ, ಕವಿಜನಶೇಖರ. ಜನ ಪ್ರೀತಿಯಿಂದ ಕರೆದ ಅಣ್ಣ ಎಂಬುದೂ ಅವನಿಗೆ ಒಂದು ಹೆಸರೇ. ಇಂತಹ ಪಟ್ಟಿಯನ್ನು ಇಂದಿನ ಓದುಗ ಆತ್ಮಪ್ರಶಂಸೆಯೆಂದು ತಳ್ಳಿಹಾಕಬಹುದು. ಆತ್ಮಪ್ರಶಂಸೆ ಅದರಲ್ಲಿ ಇದ್ದೇ ಇದೆ, ಆ ಕಾಲದ ಕವಿಗಳಿಗೆ ಅದು ದೋಷವೂ ಆಗಿರಲಿಲ್ಲ. ಆದರೆ ಚರಿತ್ರಕಾರನಿಗೆ ಈ ಪಟ್ಟಿಯಿಂದ ಒಂದು ಉಪಕಾರವಾಗಿದೆ. ಪುರಾಣ ಮುಗಿದದ್ದು ಶಕ 900, ಈಶ್ವರ ಸಂವತ್ಸರದಲ್ಲಿ, ಅಂದರೆ 978ರಲ್ಲಿ. ಆದ್ದರಿಂದ ಅದು ಎಣಿಸುವ ಕಾಳಗಗಳೆಲ್ಲ ಆ ಹೊತ್ತಿಗೆ ಮುಗಿದಿದ್ದವು. ಕಂಠವನ್ನು ಹಿಡಿದು ಓಲೆಯ ಮೇಲೆ ಬರೆಯತೊಡಗಿದ ಕೈ ಕತ್ತಿಗೆ ಪಳಗಿದ ಕೈ.

ಈ ತಿರುವಿಗೆ ಹಿನ್ನೆಲೆಯಾಗಿ 974 ನಿಲ್ಲುತ್ತದೆ. ಮಾರಸಿಂಹನು ರಾಜ್ಯವನ್ನು ಬಿಟ್ಟು ಬಂಕಾಪುರಕ್ಕೆ ಹೋಗಿ, ಅಜಿತಸೇನ ಭಟ್ಟಾರಕರ ಪಾದದ ಬಳಿ ಮೂರು ದಿನ ಸಲ್ಲೇಖನವನ್ನು ನೋಂತು ಪ್ರಾಣಬಿಟ್ಟ. ಚಂದ್ರಗಿರಿಯ ಕೂಗೆ ಬ್ರಹ್ಮದೇವರ ಕಂಬದ ಶಾಸನ ಇದನ್ನು ದಾಖಲಿಸಿದೆ. ನೊಳಂಬಕುಲಾಂತಕನೆನಿಸಿದ ಅರಸ ಅನ್ನನೀರು ತೊರೆದು ಮಡಿದ. ಅವನು ಯಾರಿಗೆ ಪಟ್ಟ ಕಟ್ಟಿದ್ದನೋ ಆ ಇಂದ್ರನೂ 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ವ್ರತದಿಂದ ತೀರಿಕೊಂಡ. ಕುದುರೆಯೇರಿ ಚೆಂಡಾಡುವುದರಲ್ಲಿ ಅವನಿಗಿದ್ದ ನೈಪುಣ್ಯವನ್ನು ಅವನ ಸ್ಮಾರಕ ಶಾಸನ ವಿಸ್ತಾರವಾಗಿ ಕೊಂಡಾಡುತ್ತದೆ. ರಾಜ್ಯ ಕೈಬಿಟ್ಟವನ ಸ್ಮಾರಕದಲ್ಲಿ ಆಟದ ಹೊಗಳಿಕೆ ಓದುವಾಗ ಮನಸ್ಸು ಭಾರವಾಗುತ್ತದೆ. ಚಾವುಂಡರಾಯ ಯಾರ ಆಜ್ಞೆಯಿಂದ ಖೇಡಗದಲ್ಲಿ ಕಾದಿದನೋ ಆ ಇಂದ್ರ, ಯಾರ ಅನ್ನ ಉಂಡನೋ ಆ ಮಾರಸಿಂಹ, ಇಬ್ಬರೂ ಹೀಗೆ ಹೊರಟುಹೋದರು. ಈ ಎರಡು ಸಾವುಗಳ ನಡುವಿನ ಕಾಲದಲ್ಲಿ ಹುಟ್ಟಿದ್ದು ಚಾವುಂಡರಾಯ ಪುರಾಣ. ದಂಡನಾಯಕ ಸನ್ಯಾಸ ತೆಗೆದುಕೊಳ್ಳಲಿಲ್ಲ. ಮಂತ್ರಿಯಾಗಿ, ಗೃಹಸ್ಥನಾಗಿ ಉಳಿದ. ಅರಸರು ವ್ರತ ಹಿಡಿದ ಕಡೆಯಲ್ಲಿ ಅವನು ಪುಸ್ತಕವನ್ನು ಹಿಡಿದನೆಂದು ಊಹಿಸಿದರೆ ತಪ್ಪಾಗಲಾರದು.

ಪುಸ್ತಕದ ನಿಜವಾದ ಹೆಸರು ತ್ರಿಷಷ್ಟಿಲಕ್ಷಣ ಮಹಾಪುರಾಣ. ಇಪ್ಪತ್ತನಾಲ್ಕು ತೀರ್ಥಂಕರರು, ಹನ್ನೆರಡು ಚಕ್ರವರ್ತಿಗಳು, ಒಂಬತ್ತೊಂಬತ್ತು ಮಂದಿ ಬಲದೇವ, ವಾಸುದೇವ, ಪ್ರತಿವಾಸುದೇವರು, ಒಟ್ಟು ಅರವತ್ತಮೂರು ಮಹಾಪುರುಷರ ಕಥೆ. ಇದಕ್ಕೆ ಮೂಲ ಜಿನಸೇನ, ಗುಣಭದ್ರರ ಸಂಸ್ಕೃತ ಮಹಾಪುರಾಣ. ಇಲ್ಲೊಂದು ಸ್ವಾರಸ್ಯವಿದೆ. ಗುಣಭದ್ರನ ಉತ್ತರಪುರಾಣಕ್ಕೆ ಶಕ 820ರಲ್ಲಿ, ಅಂದರೆ 898ರ ಸುಮಾರಿನಲ್ಲಿ, ಪೂಜೆ ನಡೆದದ್ದು ಬಂಕಾಪುರದಲ್ಲೇ. ಮಾರಸಿಂಹ ಪ್ರಾಣಬಿಟ್ಟ ಊರು, ಗುರು ಅಜಿತಸೇನರ ಊರು, ಮೂಲಗ್ರಂಥಕ್ಕೆ ಮನ್ನಣೆ ಸಿಕ್ಕ ಊರು ಒಂದೇ. ಇಂದಿನ ಹಾವೇರಿ ಜಿಲ್ಲೆಯ ಈ ಊರಿನ ಹೆಸರು ಕೇಳಿದರೆ ನಮಗೆ ಕೋಟೆ ಮತ್ತು ನವಿಲುಗಳಷ್ಟೇ ನೆನಪಾಗುವುದು ದುರ್ದೈವ.

ಮೂಲದಲ್ಲಿರುವ ಸಾವಿರಾರು ಶ್ಲೋಕಗಳ ಸಾಗರವನ್ನು ಚಾವುಂಡರಾಯ ಕನ್ನಡ ಗದ್ಯಕ್ಕೆ ಇಳಿಸಿದ. ಗದ್ಯವೆಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. ಪಂಪನು 941ರ ಹೊತ್ತಿಗಾಗಲೇ ಆದಿಪುರಾಣವನ್ನು ಚಂಪುವಿನಲ್ಲಿ ಬರೆದು, ಕನ್ನಡದಲ್ಲಿ ಪುರಾಣ ಹೇಗಿರಬೇಕೆಂಬುದಕ್ಕೆ ಮಾದರಿಯನ್ನು ಕಟ್ಟಿಕೊಟ್ಟಿದ್ದ. ಪೊನ್ನನೂ ಅದೇ ದಾರಿಯಲ್ಲಿ ನಡೆದಿದ್ದ. ಕೀರ್ತಿ ಬೇಕಾದವನು ಹಿಡಿಯಬೇಕಾದದ್ದು ಚಂಪುವನ್ನೇ. ಚಾವುಂಡರಾಯ ಅಲ್ಲಲ್ಲಿ ಪದ್ಯಗಳನ್ನು ಇರಿಸಿಕೊಂಡನೇ ಹೊರತು ಗ್ರಂಥದ ಮೈಯನ್ನು ಗದ್ಯದಲ್ಲೇ ಕಟ್ಟಿದ. ಅಷ್ಟಾದಶ ವರ್ಣನೆಗಳಿಗೆ ಅದರಲ್ಲಿ ಎಡೆಯಿಲ್ಲ. ಯಾರು, ಯಾವ ಊರು, ಯಾರ ಮಗ, ಮುಂದಿನ ಭವದಲ್ಲಿ ಏನಾದ, ಯಾವಾಗ ಮುಕ್ತನಾದ ಎಂದು ಕಥೆ ಚಕಚಕನೆ ಸಾಗುತ್ತದೆ.

ಬಹುಕಾಲ ಇದನ್ನೇ ಕನ್ನಡದ ಅತ್ಯಂತ ಹಳೆಯ ಗದ್ಯಗ್ರಂಥವೆಂದು ನಂಬಲಾಗಿತ್ತು. ವಡ್ಡಾರಾಧನೆ ಬೆಳಕಿಗೆ ಬಂದು, ಡಿ.ಎಲ್. ನರಸಿಂಹಾಚಾರ್ಯರ ಸಂಪಾದನೆಯಲ್ಲಿ ವಿದ್ವಾಂಸರ ಕೈ ಸೇರಿದ ಮೇಲೆ ಆ ಸ್ಥಾನ ಹೋಯಿತು. ಸ್ಥಾನ ಹೋದದ್ದಕ್ಕಿಂತ ಹೆಚ್ಚಿನ ಪೆಟ್ಟು ಬಿದ್ದದ್ದು ಹೋಲಿಕೆಯಿಂದ. ವಡ್ಡಾರಾಧನೆಯ ಕಥೆಗಳ ರಸವಂತಿಕೆ, ಮಾತುಕತೆಯ ಜೀವಂತಿಕೆ, ಮನುಷ್ಯಸ್ವಭಾವದ ಒಳನೋಟಗಳನ್ನು ಕಂಡ ಓದುಗನಿಗೆ ಚಾವುಂಡರಾಯನ ಗದ್ಯ ಒಣಗಿದ್ದಾಗಿ ತೋರುತ್ತದೆ. ಈ ಮಾತನ್ನು ವಿದ್ಯಾರ್ಥಿಗಳಿಂದ ಮುಚ್ಚಿಡಬೇಕಾದ್ದಿಲ್ಲ. ಕೆಲವು ತೀರ್ಥಂಕರರ ಭಾಗಗಳು ಹೆಸರು, ಸಂಖ್ಯೆ, ಭವಾವಳಿಗಳ ಸಾಲುಗಳೇ ಆಗಿವೆ. ಪಡೆಯ ಲೆಕ್ಕ ಬರೆದಿಟ್ಟ ಕಡತವನ್ನು ಅವು ನೆನಪಿಸುತ್ತವೆ.

ಹಾಗೆಂದು ಅದನ್ನು ಕವಿತ್ವವಿಲ್ಲದವನ ಅಸಹಾಯಕತೆ ಎಂದು ತೀರ್ಮಾನಿಸುವುದು ಆತುರದ ಮಾತು. ಇದೇ ಚಾವುಂಡರಾಯ ಗೃಹಸ್ಥರ ಮತ್ತು ಮುನಿಗಳ ಆಚಾರವನ್ನು ಕುರಿತು ಸಂಸ್ಕೃತದಲ್ಲಿ ಚಾರಿತ್ರಸಾರವನ್ನು ಬರೆದಿದ್ದಾನೆ. ಪ್ರಾಕೃತ ಆಗಮಗಳ ಪರಿಚಯ ಅವನಿಗೆ ಚೆನ್ನಾಗಿತ್ತು. ಗೃಧ್ರಪಿಂಛ, ಸಮಂತಭದ್ರ, ಪೂಜ್ಯಪಾದ, ಕವಿಪರಮೇಷ್ಠಿ ಮೊದಲಾದ ಹಿಂದಿನ ಆಚಾರ್ಯರನ್ನು ಪುರಾಣದಲ್ಲಿ ನೆನೆಯುತ್ತಾನೆ. ಸಂಸ್ಕೃತ ಬಲ್ಲವನು ಕನ್ನಡಕ್ಕೆ ಬಂದಾಗ ಸರಳತೆಯನ್ನು ಆರಿಸಿಕೊಂಡದ್ದು ತಿಳಿದೇ ಮಾಡಿದ ಕೆಲಸ.

ಏಕೆ ಎಂಬುದಕ್ಕೆ ಒಂದು ಐತಿಹ್ಯ ಉತ್ತರ ಹೊಳೆಯಿಸುತ್ತದೆ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಆಗಮಗ್ರಂಥವನ್ನು ಓದುತ್ತಿದ್ದಾಗ ಚಾವುಂಡರಾಯ ಅಲ್ಲಿಗೆ ಬಂದನಂತೆ. ಅವನನ್ನು ಕಂಡು ಗುರುಗಳು ಗ್ರಂಥವನ್ನು ಮುಚ್ಚಿದರು. ಕಾರಣ ಕೇಳಿದರೆ, ಗೃಹಸ್ಥನಿಗೆ ಆ ಸಿದ್ಧಾಂತವನ್ನು ಕೇಳುವ ಅಧಿಕಾರವಿಲ್ಲವೆಂಬ ಉತ್ತರ ಬಂತು. ಕೋಟೆಯ ಬಾಗಿಲುಗಳನ್ನು ಒಡೆದು ಒಳಹೊಕ್ಕವನಿಗೆ ಒಂದು ಪುಸ್ತಕದ ಬಾಗಿಲು ಮುಚ್ಚಿಕೊಂಡಿತು. ಸಾರವನ್ನಾದರೂ ತಿಳಿಸಬೇಕೆಂದು ಅವನು ಬೇಡಿಕೊಂಡ ಮೇಲೆ ಗುರುಗಳು ಪ್ರಾಕೃತದಲ್ಲಿ ಗೊಮ್ಮಟಸಾರವನ್ನು ರಚಿಸಿದರೆಂದು ಪರಂಪರೆ ಹೇಳುತ್ತದೆ. ಘಟನೆ ನಡೆದ ಬಗೆ ಹೇಗೇ ಇರಲಿ, ಗೊಮ್ಮಟಸಾರದ ಕೊನೆಯ ಗಾಹೆಗಳಲ್ಲಿ ಗೊಮ್ಮಟರಾಯನ ಹೊಗಳಿಕೆ ಇದೆ. ಅವನು ಅದಕ್ಕೆ ದೇಸಿಯಲ್ಲಿ ಟೀಕೆಯನ್ನು ಬರೆದನೆಂಬ ಸೂಚನೆಯೂ ಇದೆ. ವೀರಮಾರ್ತಂಡಿಯೆಂಬ ಆ ಕನ್ನಡ ಟೀಕೆ ಈಗ ಸಿಗುವುದಿಲ್ಲ. ಮುಂದೆ 1359ರಲ್ಲಿ ಕೇಶವವರ್ಣಿಯು ಮತ್ತೊಂದು ಕನ್ನಡ ಟೀಕೆಯನ್ನು ಬರೆಯಬೇಕಾಯಿತು. ಗೋನೂರಿನ ಗೆಲುವಿನಿಂದ ಬಂದ ಬಿರುದನ್ನೇ ಟೀಕೆಗೆ ಹೆಸರಾಗಿಟ್ಟದ್ದು ಕುತೂಹಲಕರ. ತನಗೆ ತೆರೆಯದಿದ್ದ ವಿದ್ಯೆಯನ್ನು ತನ್ನ ಹಾಗೆ ಹೊರಗೆ ನಿಂತವರಿಗೆ ತಾಯ್ನುಡಿಯಲ್ಲಿ ತೆರೆದಿಡುವುದು, ಟೀಕೆಯಲ್ಲೂ ಪುರಾಣದಲ್ಲೂ ಅವನು ಮಾಡಿದ ಕೆಲಸ ಇದೇ.

ಪುರಾಣದಲ್ಲಿ ಅವನ ಕೈಗೆ ಬಂದ ಕಥೆಗಳಲ್ಲಿ ಭರತ ಬಾಹುಬಲಿಯರದೂ ಒಂದು. ಅಣ್ಣ ತಮ್ಮಂದಿರು ರಾಜ್ಯಕ್ಕಾಗಿ ಎದುರುಬದುರಾಗುತ್ತಾರೆ. ಎರಡು ಸೇನೆಗಳ ಕೊಲೆಯನ್ನು ತಪ್ಪಿಸಲೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಏರ್ಪಡುತ್ತವೆ. ಮೂರರಲ್ಲೂ ಗೆದ್ದ ತಮ್ಮ ಗೆದ್ದ ರಾಜ್ಯವನ್ನು ಬಿಟ್ಟು ತಪಸ್ಸಿಗೆ ನಿಲ್ಲುತ್ತಾನೆ. ಈ ಕಥೆ ಜಿನಸೇನನಲ್ಲಿದೆ, ಪಂಪನಲ್ಲಿ ಅತ್ಯಂತ ಎತ್ತರಕ್ಕೆ ಏರಿದೆ. ಕಾವ್ಯವಾಗಿ ಪಂಪನ ಬಳಿ ಚಾವುಂಡರಾಯನ ಗದ್ಯವನ್ನು ಇಡುವಂತಿಲ್ಲ. ಆದರೆ ರಾಜ್ಯದ ಜಗಳದಲ್ಲಿ ತಮ್ಮನನ್ನು ಕಳೆದುಕೊಂಡು, ಅದಕ್ಕಾಗಿ ಕೊಂದು, ಆ ಕೊಲೆಯನ್ನು ಬಿರುದಾಗಿ ಹೊತ್ತವನು ಈ ಕಥೆಯನ್ನು ಬರೆದ ಎಂಬುದು ಬೇರೆಯ ಮಾತು. ಬರೆಯುವಾಗ ಅವನ ಮನಸ್ಸಿನಲ್ಲಿ ನಾಗವರ್ಮನಿದ್ದನೇ? ಗದ್ಯ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಒಂದೇ ಗ್ರಂಥದ ಎರಡು ತುದಿಗಳಲ್ಲಿ ಬಾಹುಬಲಿಯೂ ಸಮರಪರಶುರಾಮನೂ ಇದ್ದಾರೆ ಎಂಬುದಷ್ಟೇ ಓದುಗನ ಕಣ್ಣಿಗೆ ಕಾಣುವುದು.

ಪುರಾಣದಲ್ಲಿ ಗೊಮ್ಮಟ ವಿಗ್ರಹದ ಪ್ರಸ್ತಾಪವಿಲ್ಲ. ರನ್ನನ ಅಜಿತಪುರಾಣದಲ್ಲಿ, ಅಂದರೆ 993ರಲ್ಲಿ, ಅದರ ಉಲ್ಲೇಖವಿದೆ. ಆದ್ದರಿಂದ ವಿಗ್ರಹ ಈ ಎರಡರ ನಡುವಿನದು. 981 ಎಂಬ ವರ್ಷವನ್ನು ಹೆಚ್ಚಿನವರು ಒಪ್ಪಿದ್ದಾರೆ. 1981ರ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕ ಅದನ್ನೇ ಆಧರಿಸಿತ್ತು. ಓಲೆಯ ಮೇಲೆ ಬರೆದ ಬಾಹುಬಲಿಯನ್ನು ಅವನು ಕೆಲವೇ ವರ್ಷಗಳಲ್ಲಿ ಸುಮಾರು 58 ಅಡಿಯ ಕಲ್ಲಿನಲ್ಲಿ ನಿಲ್ಲಿಸಿದ. ಪೌದನಪುರದಲ್ಲಿ ಭರತ ಮಾಡಿಸಿದ ವಿಗ್ರಹವನ್ನು ನೋಡಬಯಸಿ, ಅದು ದುರ್ಗಮವೆಂದು ತಿಳಿದು, ಅಂತಹದನ್ನೇ ಮಾಡಿಸಿದನೆಂದು 1180ರ ಸುಮಾರಿನ ಬೊಪ್ಪಣನ ಶಾಸನಕಾವ್ಯ ಹೇಳುತ್ತದೆ. ತಾಯಿ ಕಾಳಲದೇವಿಯ ಬಯಕೆ, ಕನಸು, ಚಿಕ್ಕಬೆಟ್ಟದಿಂದ ಬಿಟ್ಟ ಬಾಣ ಮುಂತಾದ ವಿವರಗಳು ಐತಿಹ್ಯದಲ್ಲಿ ಸೇರಿಕೊಂಡಿವೆ. ಅವುಗಳಲ್ಲಿ ಗುಳ್ಳಕಾಯಜ್ಜಿಯ ಕಥೆಯನ್ನು ಮಾತ್ರ ಬಿಡುವಂತಿಲ್ಲ. ದಂಡನಾಯಕ ಕೊಡಗಟ್ಟಲೆ ಹಾಲು ಸುರಿದರೂ ಅದು ವಿಗ್ರಹದ ತೊಡೆಯಿಂದ ಕೆಳಗಿಳಿಯಲಿಲ್ಲ. ಮುದುಕಿಯೊಬ್ಬಳು ಗುಳ್ಳಕಾಯಿಯ ಓಟೆಯಲ್ಲಿ ತಂದ ಹಾಲು ಪಾದದವರೆಗೂ ಹರಿಯಿತು. ಅವನ ಗರ್ವ ಇಳಿಯಿತು. ಬಿರುದಿನ ಪಟ್ಟಿಯನ್ನು ಬರೆದುಕೊಂಡವನ ಬಗ್ಗೆ ಜನ ಉಳಿಸಿಕೊಂಡ ನೆನಪು ಇದು. ಗೊಮ್ಮಟನ ಎದುರಿಗೆ ಇಂದಿಗೂ ಆ ಅಜ್ಜಿಯ ವಿಗ್ರಹ ನಿಂತಿದೆ.

ಗೊಮ್ಮಟ ಎಂಬ ಹೆಸರನ್ನು ಕುರಿತು ದೊಡ್ಡ ಚರ್ಚೆಯೇ ನಡೆದಿದೆ. ಮಂಜೇಶ್ವರ ಗೋವಿಂದ ಪೈಗಳು ಅದನ್ನು ಮನ್ಮಥ ಶಬ್ದದ ತದ್ಭವವೆಂದರು. ಗೊಮ್ಮಟ ಎಂಬುದು ಚಾವುಂಡರಾಯನ ಮನೆಯ ಹೆಸರು, ಗೊಮ್ಮಟೇಶ್ವರನೆಂದರೆ ಗೊಮ್ಮಟನ ದೇವರು ಎಂದು ಬೆಳಗಾವಿ ಸೀಮೆಯ ಸದಲಗದಲ್ಲಿ ಹುಟ್ಟಿ ಕೊಲ್ಲಾಪುರದಲ್ಲಿ ಅಧ್ಯಾಪಕರಾಗಿದ್ದ ಆ.ನೇ. ಉಪಾಧ್ಯೆಯವರು ವಾದಿಸಿದರು. ಚೆಲುವ ಎಂಬ ಅರ್ಥದ ಮರಾಠಿ, ಕೊಂಕಣಿ ಶಬ್ದಗಳನ್ನು ಅವರು ಜೊತೆಗಿಟ್ಟು ನೋಡಿದರು. ಗೊಮ್ಮಟಸಾರದ ಹೆಸರನ್ನು ಗಮನಿಸಿದರೆ ಉಪಾಧ್ಯೆಯವರ ವಾದಕ್ಕೆ ತೂಕ ಹೆಚ್ಚು.

ವಿಗ್ರಹದ ಪಾದದ ಬಳಿ ಚಾವುಂಡರಾಯ ಮಾಡಿಸಿದನೆಂಬ ಒಂದೇ ಸಂಗತಿಯನ್ನು ಮೂರು ನುಡಿಗಳಲ್ಲಿ ಕೆತ್ತಲಾಗಿದೆ. ಕನ್ನಡದಲ್ಲಿ, ಗ್ರಂಥ ಮತ್ತು ವಟ್ಟೆಳುತ್ತು ಲಿಪಿಗಳಲ್ಲಿ ತಮಿಳಿನಲ್ಲಿ, ನಾಗರಿ ಲಿಪಿಯಲ್ಲಿ ಮರಾಠಿಯಲ್ಲಿ. ಸಂಸ್ಕೃತವಿಲ್ಲ. ಮರಾಠಿ ಪಠ್ಯಪುಸ್ತಕಗಳು ಬಹುಕಾಲ ಇದನ್ನೇ ಆ ಭಾಷೆಯ ಮೊದಲ ಶಾಸನವೆಂದು ಕಲಿಸಿದವು. ಅದು ಹೊಯ್ಸಳ ದಂಡನಾಯಕ ಗಂಗರಾಜನು ಸುತ್ತಾಲಯವನ್ನು ಕಟ್ಟಿಸಿದ ಹನ್ನೆರಡನೆಯ ಶತಮಾನದಲ್ಲಿ ಸೇರಿಸಿದ ಸಾಲೆಂದು ಕೆಲವು ವಿದ್ವಾಂಸರ ಮತ. ಶಂ.ಗೋ. ತುಳಪುಳೆಯವರು 1012ರ ಆಕ್ಷಿ ಶಾಸನಕ್ಕೆ ಮೊದಲ ಸ್ಥಾನ ಕೊಟ್ಟರು. ಕಾಲದ ಮಾತು ಏನೇ ಇರಲಿ, ಬೆಟ್ಟ ಹತ್ತಿ ಬರುವವರ ಮನೆಮಾತಿನಲ್ಲೇ ವಿಷಯ ತಿಳಿಸಬೇಕೆಂಬ ಎಣಿಕೆ ಪುರಾಣದ ಗದ್ಯದ ಹಿಂದಿರುವ ಎಣಿಕೆಯೇ. ತಲಕಾಡಿನಿಂದ ತೆಂಕಣಕ್ಕೆ ಚಾಮರಾಜನಗರವನ್ನು ದಾಟಿದರೆ ಸಿಗುವ ತಾಳವಾಡಿಯ ಬೆಟ್ಟಸೀಮೆ ಇಂದು ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದೆ. ಅಲ್ಲಿನ ಪಣಕಹಳ್ಳಿ, ಗಾಜನೂರುಗಳಂತಹ ಊರುಗಳಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಮಾತು ತಮಿಳು. ಆ ಕಡೆಯಿಂದ ಬರುವ ಯಾತ್ರಿಕನಿಗೆ ಗೊಮ್ಮಟನ ಪಾದದಲ್ಲಿ ಅವೆರಡೂ ನುಡಿಗಳು ಅಕ್ಕಪಕ್ಕದಲ್ಲಿ ಸಿಗುತ್ತವೆ.

ಮುಧೋಳದ ಬಳೆಗಾರರ ಮನೆಯ ರನ್ನನು ವಿದ್ಯೆಗಾಗಿ ಗಂಗವಾಡಿಗೆ ಬಂದು ಅಜಿತಸೇನರಲ್ಲಿ ಕಲಿತು ಚಾವುಂಡರಾಯನ ನೆರವು ಪಡೆದದ್ದು ಎಲ್ಲರಿಗೂ ತಿಳಿದ ವಿಷಯ. ಅವನು ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟು ಇಬ್ಬರು ಆಶ್ರಯದಾತರ ಋಣವನ್ನು ಮನೆಯಲ್ಲೇ ಇರಿಸಿಕೊಂಡ. ರನ್ನನ ಪರಶುರಾಮಚರಿತ ಸಿಕ್ಕಿದ್ದರೆ ಸಮರಪರಶುರಾಮನ ಬಗ್ಗೆ ಇನ್ನಷ್ಟು ತಿಳಿಯುತ್ತಿತ್ತೆಂದು ವಿದ್ವಾಂಸರು ಊಹಿಸಿದ್ದಾರೆ. ಅದೂ ಕಳೆದುಹೋಗಿದೆ.

ಚಾವುಂಡರಾಯ ಕಾಪಾಡಲು ಹೆಣಗಿದ ರಾಜ್ಯವೂ ಉಳಿಯಲಿಲ್ಲ. 1004ರ ಸುಮಾರಿಗೆ ಚೋಳರು ತಲಕಾಡನ್ನು ಹಿಡಿದರು. ಅದಕ್ಕೆ ಕೆಲವು ವರ್ಷ ಮೊದಲು, 995ರ ಸುಮಾರಿಗೆ, ಅವನ ಮಗ ಜಿನದೇವಣನು ಬೆಳಗೊಳದಲ್ಲಿ ಜಿನಗೃಹವನ್ನು ಮಾಡಿಸಿದ. ಚಂದ್ರಗಿರಿಯ ಚಾವುಂಡರಾಯ ಬಸದಿಯ ಮೇಲಂತಸ್ತಿನಲ್ಲಿರುವ ಪಾರ್ಶ್ವನಾಥನ ವಿಗ್ರಹದ ಪೀಠದಲ್ಲಿ ಆ ಮಾತಿದೆ. ಚಿಕ್ಕ ಶಾಸನ. ಅದರಲ್ಲಿ ಜಿನದೇವಣ ತಾನು ಅಜಿತಸೇನ ಮುನಿಯ ಶಿಷ್ಯನೆಂದು ಹೇಳಿಕೊಳ್ಳುತ್ತಾನೆ. ತಂದೆಯ ಹೆಸರಿನ ಹಿಂದೆ ಸಮರಧುರಂಧರನೂ ಇಲ್ಲ, ವೀರಮಾರ್ತಂಡನೂ ಇಲ್ಲ, ಸಮರಪರಶುರಾಮನೂ ಇಲ್ಲ. ಮಂತ್ರಿ ಎಂಬ ಒಂದು ಮಾತಿದೆ, ಅಷ್ಟೇ.